ಎಳೆ

ಮದುವೆ ಮನೆಯಲ್ಲಿ ನಡುರಾತ್ರಿ ನನ್ನ ಬೇಸ್ ಗಿಟಾರು ಸತ್ತಾಗ
ಉಳಿದ ಗಿಟಾರುಗಳೆರಡೂ ನುಡಿಯುತ್ತಲೇ ಇದ್ದವು, ಡ್ರಮ್ಮೂ ಇತ್ತು,
ಹಾಡುವವನಿಗಂತೂ ಗೊತ್ತೇ ಆಗಲಿಲ್ಲ.
ಗೊತ್ತಾದದ್ದು ಕಾಲುಗಳಿಗೆ.
ಕಟೂಬಾದ ಅತ್ತೆಯಂದಿರು, ಹೆಜ್ಜೆ ಎತ್ತಿದವರು,
ಎಲ್ಲಿಡಬೇಕೆಂದು ತಿಳಿಯದೆ
ನನ್ನತ್ತ ತಿರುಗಿದರು.

ಬಗ್ಗಿ ಪ್ಲಗ್ಗನ್ನು ತಿರುವಿದೆ. ಕರಕರ.
ಇನ್ನೊಂದು ತಿರುವು. ಉಸಿರು ಬಂತು. ಹೋಯಿತು.
ಉಳಿದ ಮೂರು ಹಾಡು, ಬಲಗಾಲ ಹೆಬ್ಬೆರಳಲ್ಲಿ
ತಂತಿಯ ಕುತ್ತಿಗೆ ಒತ್ತಿ ಹಿಡಿದೇ ನುಡಿಸಿದೆ.

ಬೆಳಿಗ್ಗೆ ಕಯುಂಬಾಳ ಗೂಡಂಗಡಿ.
ಲುಬುಂಬಾಶಿಯ ಕಮಲೊಂಡೊ ಪೇಟೆಯಲ್ಲಿ
ರೇಡಿಯೋ, ಇಸ್ತ್ರಿಪೆಟ್ಟಿಗೆ, ಪಾದ್ರಿಯ ಮೈಕು
ಎಲ್ಲದರ ಹೊಟ್ಟೆ ಬಿಚ್ಚುವ ಹೆಂಗಸು.
ಅವಳ ಕನ್ನಡಕದ ಕಾಲಿಗೂ ಬೆಸುಗೆ.

ಮಿಂಚುವುದೊಂದನ್ನು ಸಂತೆಯಲ್ಲಿ ಆರಿಸಿಕೊಂಡೇ ಹೋಗಿದ್ದೆ:
ಹೊಂಬಣ್ಣದ ಪ್ಲಗ್ಗು, ಹಾವಿನ ಪೊರೆಯಂಥ ಹೊದಿಕೆ,
ಡಬ್ಬಿಯ ಮೇಲೆ ಸಿಡಿಲಿನ ಚಿತ್ರ.
"ಇದರ ತಲೆ ತಿರುಗಿಸಿ ಬಿಚ್ಚು ನೋಡೋಣ."
ಬಿಚ್ಚಲಿಲ್ಲ. ಅಚ್ಚೊತ್ತಿ ಮುಚ್ಚಿದ ರಬ್ಬರು.
"ಬಿಚ್ಚಲಾಗದ್ದು ಕೆಟ್ಟರೆ ಹೂಳುವುದೊಂದೇ ದಾರಿ.
ನಾನು ಗೋರಿ ತೋಡುವವಳಲ್ಲ."

ಆಮೇಲೆ ಬ್ಲೇಡಿನಿಂದ ತುದಿ ಸೀಳಿ
ಒಳಗಿನ ಎಳೆಗಳನ್ನು ಹರಡಿ
ಒಡೆದ ಸ್ಪೀಕರಿನ ಅಯಸ್ಕಾಂತದ ಚೂರು ಹಿಡಿದಳು.
ಎಳೆಗಳು ಎದ್ದುಹೋಗಿ ಅಂಟಿಕೊಂಡವು.
ಕಬ್ಬಿಣ. ಮೇಲೆ ತಾಮ್ರದ ನೀರು.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಅಲ್ಲಿಂದ ಕಾಣುತ್ತದೆ ಕುಲುಮೆಯ ಚಿಮಣಿ,
ಪಕ್ಕದಲ್ಲಿ ಕಿಟ್ಟದ ಕಪ್ಪು ಗುಡ್ಡ.
ನನ್ನಜ್ಜ, ಅವಳಪ್ಪ, ಇಬ್ಬರೂ ಅದರಡಿ ಕೆಮ್ಮಿದವರು.
ದಿನವೂ ಲಾರಿಗಳು ತೆಂಕಣ ಗಡಿಗೆ ಹೋಗುತ್ತವೆ
ತಾಮ್ರದ ಹಲಗೆ ಹೇರಿಕೊಂಡು,
ಹಿಂದಿನಿಂದ ಧೂಳು.
"ಚಿನ್ನದ ಬಣ್ಣ ಬೇಕಿತ್ತಾ ನಿನಗೆ?" ಎಂದಳು. ನಕ್ಕೆವು.

ಮೇಜಿನಡಿಯಿಂದ ತೆಗೆದಳು ಬೂದು ಸುರುಳಿ,
ಯಾವುದೋ ಮುಚ್ಚಿದ ರೇಡಿಯೋ ನಿಲಯದ್ದು.
ಮಡಿಸಿದರೆ ಸೆಟೆಯುವುದಿಲ್ಲ,
ಬಿಟ್ಟರೆ ತನ್ನ ಪಾಡಿಗೆ ನೆಲಕ್ಕೆ ಒರಗುತ್ತದೆ.
ತೊಗಲು ಬಿಡಿಸಿದರೆ ಜಡೆಯಂತೆ ಹೆಣೆದ ತಾಮ್ರ,
ಗಾಳಿಯ ಗೊಣಗು ಒಳನುಸುಳದಷ್ಟು ಒತ್ತಾಗಿ.
ಅದನ್ನು ಬಿಚ್ಚಿ, ಹೊಸೆದು, ಬೆಸುಗೆಕಡ್ಡಿ ಮುಟ್ಟಿಸಿದಳು.
ಸೀಸ ಹನಿಯಾಗಿ ನಿಲ್ಲಬಾರದಂತೆ, ಹರಿಯಬೇಕಂತೆ,
ಬಿಸಿ ಬುಕಾರಿ ಮುದ್ದೆಯ ಮೇಲೆ ತಾಳೆಣ್ಣೆ ಹರಿಯುವ ಹಾಗೆ.

"ಬೆಸುಗೆಗೆ ಭಾರ ಹೊರಿಸಬೇಡ," ಅಂದಳು,
ಉಕ್ಕಿನ ಪ್ಲಗ್ಗಿನ ಹಿಂದಿನ ಎರಡು ಹಲ್ಲುಗಳನ್ನು
ತೊಗಲಿನ ಮೇಲೆ ಕಚ್ಚಿಸುತ್ತಾ.
"ಅದಿರುವುದು ಮಾತು ದಾಟಿಸಲಿಕ್ಕೆ.
ಜಗ್ಗಾಟ ತಾಳುವುದು ಈ ಹಲ್ಲುಗಳ ಕೆಲಸ.
ಎರಡನ್ನೂ ಒಬ್ಬರ ಮೇಲೇ ಹಾಕಿದ್ದಕ್ಕೆ
ನನ್ನ ಮೊದಲ ಸಂಸಾರ ಕಡಿದದ್ದು."

ಒಂದು ತುದಿಯನ್ನು ಮೆಟ್ಟಿ ನಿಂತಳು. "ಎಳೆ."
ಎಳೆದೆ.
"ಅಳಿಯನ ಹಾಗಲ್ಲ. ಸಾಲ ವಸೂಲಿಗೆ ಬಂದವನ ಹಾಗೆ ಎಳೆ."
ಅವಳೇ ಒಂದು ಗೇಣು ಜಾರಿದಳು. ಪ್ಲಗ್ಗು ಇದ್ದಹಾಗೇ ಇತ್ತು.
ಬೆಲೆ ಕೇಳಿದ ಮೇಲೆ ನಾನು ಮತ್ತೆ
ಹೊಂಬಣ್ಣದ್ದರತ್ತ ನೋಡಿದ್ದೂ ನಿಜ.

ಮುಂದಿನ ಶನಿವಾರ, ಮ್ವೇಪುವಿನ ಮಗಳ ಮದುವೆ.
ಹುಡುಗಿಯ ಸೋದರಮಾವ ಕುಣಿಯುತ್ತಾ ಕುಣಿಯುತ್ತಾ
ಕೇಬಲ್ಲಿಗೆ ಎಡವಿದ. ಆನೆಯಂಥ ಆಳು.
ಆಂಪ್ಲಿಫೈಯರು ಮುಗ್ಗರಿಸಿ ಮೆಟ್ಟಿಲಿಳಿದು ಬಿತ್ತು,
ಮುಂದಿನ ಜಾಲರಿ ಹರಿಯಿತು,
ನನ್ನ ಬೇಸಿನಲ್ಲಿ ಪ್ಲಗ್ಗಿನ ತೂತಿನ ಸುತ್ತ ಮರ ಸೀಳಿತು.
ಕೇಬಲ್ ಕಳಚಲಿಲ್ಲ.
ಬಿದ್ದಲ್ಲೇ, ಅಂಗಾತ, ಆ ಪೆಟ್ಟಿಗೆ ನುಡಿಯುತ್ತಿತ್ತು.
ಅತ್ತೆಯಂದಿರು ನಿಲ್ಲಲಿಲ್ಲ.

ಕಯುಂಬಾಳಿಗೆ ದೂರು ಒಯ್ದೆ.
ಸೀಳಿದ ಮರವನ್ನು ಬೆರಳಿನಿಂದ ಸವರಿ ಅಂದಳು:
"ಜಗ್ಗಿದಾಗ ಏನೋ ಒಂದು ಬಿಡಲೇಬೇಕು.
ಯಾವುದು ಅಂತ ನೀನು ಮೊದಲೇ ಆರಿಸದಿದ್ದರೆ
ಸೋದರಮಾವ ಆರಿಸುತ್ತಾನೆ.
ಹೆಗಲ ಪಟ್ಟಿಗೆ ಒಂದು ಸುತ್ತು ಹಾಕಿಕೋ ಅಂದಿದ್ದೆನಲ್ಲ?"

ಅಂದಿರಲಿಲ್ಲ.
ಅಂದಿದ್ದಳೇನೋ. ಆಗ ನಾನು
ಬೆಲೆಯ ಲೆಕ್ಕ ಹಾಕುತ್ತಿದ್ದೆ.